ಎಲ್ಲ ದ್ವೀಪಗಳಲ್ಲೂ ಮಾರಿಗೊ

ಗಾಳಿ ಎದ್ದ ದಿನ ಪೊಲಿಕ್ಸೆನಿಯನ್ನು ಮಾತಾಡಿಸಬಾರದು. ಅವಳ ತಮ್ಮ ಯಾಕೂಮಿಸ್ ನಮ್ಮ ವಿದ್ಯುತ್ ಕಚೇರಿಯ ದೋಣಿಯಲ್ಲಿ ರಿಪೇರಿಗೆ ಹೋಗುವವನು. ನಾವು ಸೀರೊಸ್ ದ್ವೀಪದಲ್ಲಿ ಕೂತು ಸುತ್ತಲಿನ ದ್ವೀಪಗಳ ಯಂತ್ರಗಳನ್ನು ಕಾಯುತ್ತೇವೆ. ಯಾವುದಾದರೂ ಕೆಟ್ಟರೆ ಪರದೆಯ ಮೇಲೆ ಕೂಗು ಬರುತ್ತದೆ, ಅವನು ಹೊರಡುತ್ತಾನೆ.

ಯಂತ್ರ ಕೂಗುವುದು ತನ್ನ ನಂಬರು ಹೇಳಿ. ಆ ನಂಬರು ಯಾರದ್ದು ಎಂದು ತಿಳಿಸುವುದು ರಿವರ್ಸ್ ಡಿಎನ್‌ಎಸ್. ಅದು ಪೊಲಿಕ್ಸೆನಿಯ ಕೆಲಸ. ಹೆಸರಿನಿಂದ ನಂಬರು ಹುಡುಕುವುದನ್ನು ಎಲ್ಲರೂ ನೆಟ್ಟಗೆ ಇಟ್ಟುಕೊಳ್ಳುತ್ತಾರೆ, ನಂಬರಿನಿಂದ ಹೆಸರು ಹುಡುಕುವ ಕಡೆಯನ್ನು ಕೇಳುವವರೇ ಇಲ್ಲ. ನಮ್ಮಲ್ಲಂತೂ ಎಲ್ಲ ದ್ವೀಪಗಳ ಹೆಸರೂ ಒಂದೇ ವಲಯದಲ್ಲಿ, ಅಂದರೆ ಒಂದೇ ಪಟ್ಟಿಯಲ್ಲಿ, ಹಬ್ಬದ ಮರುದಿನದ ಅಡುಗೆಮನೆಯ ಹಾಗೆ ಬಿದ್ದಿದ್ದವು.

ಇದಕ್ಕೆ ಕಾರಣ ನಮ್ಮ ಮುಖ್ಯಸ್ಥ ಆರ್ಗೀರಿಸ್. ನಮ್ಮ ಕಡೆ ಮೊಮ್ಮಗಳಿಗೆ ಅಜ್ಜಿಯ ಹೆಸರೇ ಆಗಬೇಕು. ಅಣ್ಣತಮ್ಮಂದಿರು ನಾಲ್ವರಿದ್ದರೆ ಮನೆಯಲ್ಲಿ ಒಂದೇ ಹೆಸರಿನ ನಾಲ್ಕು ಹುಡುಗಿಯರು. ಆರ್ಗೀರಿಸ್ ಯಂತ್ರಗಳಿಗೂ ಹಾಗೇ ಮಾಡಿದರು. ಕೀಥ್ನೊಸ್‌ನ ಮೊದಲ ಯಂತ್ರಕ್ಕೆ ತೀರಿಹೋದ ತಾಯಿ ಮಾರಿಗೊಳ ಹೆಸರಿಟ್ಟರು. ಆಮೇಲೆ ಸೆರಿಫೊಸ್‌ಗೆ ಬಂದದ್ದೂ ಮಾರಿಗೊ, ಮಿಲೊಸ್‌ಗೆ ಬಂದದ್ದೂ ಮಾರಿಗೊ. "ಯಾವ ಮಾರಿಗೊ ಅಂತ ಮನೆಯವರಿಗೆ ಗೊತ್ತಾಗಲ್ವಾ?" ಎನ್ನುತ್ತಿದ್ದರು. ನಾವೂ ಕೋಲೆಬಸವನ ಹಾಗೆ ತಲೆಯಾಡಿಸಿದೆವು.

ಹೋದ ಚಳಿಗಾಲ ಮಾರಿಗೊ ಕೂಗಿದಳು. ಪರದೆಯ ಮೇಲೆ ಬರೀ ಹೆಸರಿತ್ತು, ಯಾವ ದ್ವೀಪ ಎಂದಿರಲಿಲ್ಲ. ಆರ್ಗೀರಿಸ್ ಹಿಂದೆಮುಂದೆ ನೋಡದೆ ದೋಣಿಯನ್ನು ಕೀಥ್ನೊಸ್‌ಗೆ ಕಳಿಸಿದರು. ಬಡಗಣ ಗಾಳಿಯಲ್ಲಿ ಯಾಕೂಮಿಸ್ ಅಲ್ಲಿ ತಲುಪಿದರೆ ಯಂತ್ರ ಗುಂಡುಕಲ್ಲಿನ ಹಾಗಿತ್ತು. ಕೂಗಿದ್ದು ಸೆರಿಫೊಸ್‌ನವಳು! ಮತ್ತೆ ಅದೇ ಸಮುದ್ರ. ವಾಪಸು ಬಂದಾಗ ಅವನಿಗೆ ಕಾಫಿಯನ್ನು ಅಕ್ಕನೇ ಹಿಡಿದು ಕುಡಿಸಿದಳು. ಆರ್ಗೀರಿಸ್ ಮೇಲೆ ಅಂದು ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಮರುದಿನ ಪೊಲಿಕ್ಸೆನಿ ಅವರ ಮೇಜಿನ ಮುಂದೆ ನಿಂತಳು. "ಯಜಮಾನ್ರೇ, ಇನ್ನೊಂದ್ಸಲ ನನ್ನ ತಮ್ಮನ್ನ ಸುಮ್‌ಸುಮ್ನೆ ಆ ಗಾಳಿಗೆ ಕಳಿಸೋಕೆ ಬಿಡಲ್ಲ. ಹೆಸರೆಲ್ಲ ಬೇರೆ ಬೇರೆ ಮಾಡಿ ಇಡ್ತೀನಿ."

"ನಮ್ಮಮ್ಮನ ಹೆಸರು ಅಳಿಸ್ತೀಯೇನೇ?"

"ಅಳಿಸೋದ್ಯಾಕೆ? ಊರಲ್ಲಿ ನಾಲ್ಕು ಮಾರಿಗೊ ಇದ್ರೆ ಗುಡ್ಡದ ಮನೆ ಮಾರಿಗೊ, ಬಂದರಿನ ಮಾರಿಗೊ ಅಂತೀವಲ್ಲ, ಹಾಗೇ."

"ಅಮ್ಮನ್ನ ಹಂಚಿಬಿಡ್ತೀಯಾ ಅನ್ನು."

"ಹಂಚಿದ್ದು ನೀವು. ನಾನು ವಿಳಾಸ ಬರೀತೀನಿ, ಅಷ್ಟೇ."

ಅವರು ಮುಖ ಊದಿಸಿಕೊಂಡರು. ಆದರೆ ಬೇಡವೆನ್ನಲಿಲ್ಲ.

ಅವಳು ಒಂದೊಂದು ದ್ವೀಪಕ್ಕೆ ನಂಬರುಗಳ ಒಂದೊಂದು ಸಾಲು ಕೊಟ್ಟಳು, ಆ ಸಾಲಿಗೊಂದು ವಲಯ ಮಾಡಿ ಅಲ್ಲಿನವರಿಗೇ ಒಪ್ಪಿಸಿದಳು. ಒಪ್ಪಿಸುವ ಮುಂಚೆ ಪ್ರತಿ ಯಂತ್ರ ನೋಡಿಕೊಳ್ಳುವವನಿಗೂ ಫೋನು: "ಈ ನಂಬರಿನ ಯಂತ್ರ ಅಲ್ಲೇ ಇದ್ಯಾ? ಕಣ್ಣಂದಾಜು ಬೇಡ, ಕೈಯಿಟ್ಟು ಹೇಳು."

"ಇಟ್ಟೆ ಕಣಕ್ಕಾ, ಬೆಚ್ಚಗಿದೆ. ಜ್ವರ ಇರ್ಬೇಕು," ಎಂದ ಮಿಲೊಸ್‌ನವನು. ಅವಳು ನಗಲಿಲ್ಲ, ಮುಂದಿನ ನಂಬರು ಹೇಳಿದಳು.

ಈ ಫೆಬ್ರವರಿಯಲ್ಲಿ ಮತ್ತೆ ಗಾಳಿ, ಮತ್ತೆ ಕೂಗು. ಆರ್ಗೀರಿಸ್ ಅಭ್ಯಾಸಬಲದಿಂದ "ಕೀಥ್ನೊಸ್" ಎಂದುಬಿಟ್ಟರು. ಪೊಲಿಕ್ಸೆನಿ ಪರದೆಯನ್ನು ಅವರತ್ತ ತಿರುಗಿಸಿದಳು. 'ಮಾರಿಗೊ, ಸೆರಿಫೊಸ್' ಎಂದಿತ್ತು.

ಅವರು ಅದನ್ನು ಓದಿಕೊಂಡರು. ಆಮೇಲೆ ತಾವೇ ಫೋನು ಎತ್ತಿಕೊಂಡರು.

"ಯಾಕೂಮಿಸ್, ನೆಟ್ಟಗೆ ಸೆರಿಫೊಸ್‌ಗೆ ಹೋಗಪ್ಪ. ಅಮ್ಮ ಅಲ್ಲಿದ್ದಾಳೆ."