ಇಲಿಮರಿಯ ಕೊನೆಯ ಹದಿನಾರು ಪುಟ

೧೯೮೨ರ ಮಾತು. ಆಗ ನಾನು ದೇವದುರ್ಗದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಐದನೇ ತರಗತಿಯ ಟೀಚರು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ನನ್ನೂರು ರಾಯಚೂರು. ಅಪ್ಪ ಅಲ್ಲಿನ ಗಂಜ್‌ನಲ್ಲಿ ಕಾಳಿನ ಮೂಟೆ ಹೊರುವ ಹಮಾಲಿ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ಪುಸ್ತಕ ಹಿಡಿದವರಲ್ಲಿ ನಾನೇ ಮೊದಲಿಗಳು. ಅದಕ್ಕೋ ಏನೋ, ಮಕ್ಕಳಿಗೆ ಕಥೆ ಓದಿ ಹೇಳುವುದೆಂದರೆ ನನಗೆ ಹುಚ್ಚು. ಶನಿವಾರ ಬೆಳಗಿನ ಶಾಲೆಯಲ್ಲಿ ಕೊನೆಯ ಪೀರಿಯಡ್ಡು ಕಥೆಗೇ ಮೀಸಲಾಗಿತ್ತು.

ಆ ವರ್ಷ ದಸರೆಗೆ ಊರಿಗೆ ಹೋದಾಗ ಮಕ್ಕಳ ಕಾದಂಬರಿಯೊಂದು ಸಿಕ್ಕಿತು. ರಾಯಚೂರಿನಲ್ಲೇ ಅಚ್ಚಾದದ್ದು. ಪಾಳುಬಿದ್ದ ಕೋಟೆಯ ಕಣಜದ ಕೆಳಗೆ ಇಲಿಗಳ ಊರು. ಅಲ್ಲೊಂದು ನೆರಳು ನುಂಗುವ ಗೂಗೆ. ಅದು ಯಾವ ಇಲಿಯ ನೆರಳು ನುಂಗುತ್ತದೋ ಆ ಇಲಿ ಮಕ್ಕಳುಮರಿಗಳನ್ನೆಲ್ಲ ಮರೆತು, ಕೋಟೆಯ ಬಾವಿಯೊಳಗೆ ಗೂಗೆಯ ಆಳಾಗಿ ದುಡಿಯಬೇಕು. ಹಾಗೆ ಹೋದ ತಾಯಿಯನ್ನು ಹುಡುಕಿಕೊಂಡು ಒಂದು ಇಲಿಮರಿ ಹೊರಡುತ್ತದೆ. ದಾರಿಯಲ್ಲಿ ಕುಂಟ ಮುಂಗುಸಿ, ಸುಳ್ಳು ಹೇಳುವ ಓತಿಕ್ಯಾತ, ಎಲುಬಿನ ಗುಡ್ಡೆ. ಓದುತ್ತಿದ್ದರೆ ನನಗೇ ಮೈ ಜುಮ್ಮೆನ್ನುತ್ತಿತ್ತು.

"ಇಂಥಾ ಅಂಜಿಕಿ ಕತಿ ಓದಿದ್ರ ಹುಡುಗ್ಯಾರು ಹಾಸಿಗ್ಯಾಗ ಉಚ್ಚಿ ಹೊಯ್ಕೋತಾವ ನೋಡವ್ವಾ," ಎಂದು ನಮ್ಮ ಹೆಡ್ ಟೀಚರು ಎಚ್ಚರಿಸಿದರು. ಅವರ ಮಾತು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹುಡುಗಿಯರಿಗೋ ಆ ಅಂಜಿಕೆ ಉಪ್ಪುಖಾರ ಹಚ್ಚಿದ ಹುಣಸೆಕಾಯಿಯಂತೆ. ಮುಖ ಕಿವುಚುತ್ತಲೇ ಇನ್ನಷ್ಟು ಬೇಡುತ್ತಿದ್ದರು.

ಎಲ್ಲರಿಗಿಂತ ಮುಂದೆ ಕೂರುತ್ತಿದ್ದವಳು ಹುಲಿಗೆವ್ವ. ಕೂಲಿ ಮಾಡುವವರ ಮಗಳು, ತಡವಾಗಿ ಶಾಲೆಗೆ ಸೇರಿದವಳು, ಓದಿನಲ್ಲಿ ಮಾತ್ರ ಬಲು ಚುರುಕು. ಅವಳ ತಾಯಿ ಮಾನವ್ವ ಪ್ರತಿ ವರ್ಷ ದೀಪಾವಳಿ ಮುಗಿಯುತ್ತಲೇ ಕೂಲಿ ಹೆಂಗಸರ ಗುಂಪಿನೊಂದಿಗೆ ಮಾನ್ವಿ ಕಡೆ ಭತ್ತದ ಕೊಯ್ಲಿಗೆ ಹೋದರೆ ಬರುವುದು ಸಂಕ್ರಾಂತಿಗೇ. ಕಥೆ ಮುಗಿದ ಮೇಲೆ ಹುಲಿಗೆವ್ವ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳುತ್ತಿದ್ದಳು, "ಅದಕ್ಕ ಅವರವ್ವ ಸಿಗತಾಳಿಲ್ರಿ ಟೀಚರ್ರಿ?"

"ತಡಿಯವ್ವಾ, ಮುಂದಿನ ವಾರ ಓದೂನು," ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಮೊದಲೇ ಓದಿಟ್ಟುಕೊಂಡರೆ ದನಿಯಲ್ಲಿ ಸ್ವಾರಸ್ಯ ಬರುವುದಿಲ್ಲ ಎಂದು ಮಕ್ಕಳೊಂದಿಗೇ ಓದುತ್ತಿದ್ದೆ. ಅಷ್ಟು ಶಾಣ್ಯಾತನ ನನಗೆ.

ಚಳಿ ಶುರುವಾದ ಒಂದು ಶನಿವಾರ ಇಲಿಮರಿ ಕೊನೆಗೂ ಬಾವಿಯ ಸುರಂಗಕ್ಕೆ ಕಾಲಿಟ್ಟಿತು. ಪುಟ ತಿರುಗಿಸಿದೆ. ಮೇಲೆ ಹಲ್ಲು ಕಿಸಿದ ಒಂದು ಭಯಂಕರ ಇಲಿಯ ಚಿತ್ರ. ಅದರ ಕೆಳಗೆ, "ಬಿಲದ ಬಾಯನ್ನು ಹಸಿ ಮಣ್ಣಿನಿಂದ ಮೆತ್ತಿರಿ. ಮರುದಿನ ಯಾವ ಬಿಲ ತೆರೆದಿರುತ್ತದೋ ಅದರಲ್ಲಿ ಇಲಿ ಇದೆಯೆಂದು ತಿಳಿಯಿರಿ."

ಗೂಗೆ ತನ್ನ ಆಳುಗಳಿಗೆ ಅಪ್ಪಣೆ ಕೊಡುತ್ತಿದೆ ಎಂದುಕೊಂಡೆ. ದನಿ ಗಡಸು ಮಾಡಿದೆ. "ನುಚ್ಚಿನಲ್ಲಿ ಪಾಷಾಣ ಬೆರೆಸಿ ಉಂಡೆ ಕಟ್ಟಿ ಬಿಲಕ್ಕೊಂದು ಇಡಿರಿ. ಬೆಳಗಾಗುವಷ್ಟರಲ್ಲಿ ತಾಯಿ, ಮರಿ ಎಲ್ಲವೂ ಸತ್ತು ಬಿದ್ದಿರುತ್ತವೆ." ಮೂರ್ನಾಲ್ಕು ಹುಡುಗಿಯರು ಬಿಕ್ಕತೊಡಗಿದರು. ಕೇಳುವವರು ಅತ್ತಷ್ಟೂ ಓದುವವಳಿಗೆ ಹುರುಪು. "ಪಾಷಾಣವು ತಾಲ್ಲೂಕು ಕೇಂದ್ರದಲ್ಲಿ ರಿಯಾಯಿತಿ ದರದಲ್ಲಿ ದೊರೆಯುತ್ತದೆ," ಎಂದು ಅದೇ ಗೂಗೆಯ ದನಿಯಲ್ಲಿ ಓದಿದ ಮೇಲೆಯೇ ನನ್ನ ನಾಲಿಗೆ ನಿಂತದ್ದು.

"ಗೂಗಿಗೂ ರಿಯಾಯಿತಿ ಕೊಡ್ತಾರೇನ್ರಿ ಟೀಚರ್ರಿ?" ಎಂದು ಹಿಂದಿನ ಸಾಲಿನ ಹುಡುಗಿ ಕೇಳಿದಳು.

ಗಡಿಬಿಡಿಯಿಂದ ಹಾಳೆ ತಿರುವಿದೆ. ಅಲ್ಲಿಂದ ರಟ್ಟಿನವರೆಗೂ ಗದ್ದೆಯ ಭತ್ತವನ್ನು ಇಲಿಗಳಿಂದ ಕಾಪಾಡುವ ಬಗೆಯೇ ಇತ್ತು. ಯಾವುದೋ ರೈತರ ಪುಸ್ತಿಕೆಯ ಹದಿನಾರು ಪುಟ ನಮ್ಮ ಕಾದಂಬರಿಯ ಬಾಲಕ್ಕೆ ಹೊಲಿಗೆ ಬಿದ್ದಿತ್ತು. "ಇದು ಬ್ಯಾರೆ ಪುಸ್ತಕದ ಹಾಳಿ. ಇಲಿಮರಿಗೆ ಏನೂ ಆಗಿಲ್ಲ," ಎಂದು ಮಕ್ಕಳಿಗೆ ಸಮಾಧಾನ ಹೇಳಿದೆ.

ಹುಲಿಗೆವ್ವ ಎದ್ದು ನಿಂತಳು. "ಆಗಿಲ್ಲಂದ್ರ ಎಲ್ಲಿ ಅದ ತೋರಸ್ರಿ."

ತೋರಿಸಲು ನನ್ನ ಕೈಯಲ್ಲಿ ಏನಿತ್ತು? ಅವಳು ಚೀಲ ಹೆಗಲಿಗೇರಿಸಿ ಹೋದಳು. ಸೋಮವಾರ ಬರಲಿಲ್ಲ, ಮಂಗಳವಾರ ಬರಲಿಲ್ಲ. ಬುಧವಾರ ಸಂಜೆ ನಾನೇ ಅವರ ಮನೆಗೆ ಹೋದೆ. ಅವಳ ಅಪ್ಪ ಯಂಕಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕುಳಿತಿದ್ದ.

"ಬರ್ರಿ ಟೀಚರ್ರಿ, ಕುಂಡ್ರಿ," ಎಂದ. "ಸಾಲಿಗೆ ಹೋಗು ಅಂದ್ರ ಅಳತಾಳ್ರಿ. ಇಲಿನ್ನ ಕೊಂದಾರ, ನಾ ಒಲ್ಲೆ ಅಂತಾಳ. ಮನ್ಯಾಗ ಇಲಿಬೋನು ಇಟ್ಟಿದ್ದೆ, ಅದನ್ನೂ ಒಯ್ದು ಎಲ್ಲಿ ಒಗದಾಳೋ ಏನೋ. ಸುಮ್ನ ಮನ್ಯಾಗ ಯಾಕ ಕುಂಡ್ರಬೇಕು ಅಂತ, ಸೋಮವಾರದಿಂದ ಓಣಿ ಹೆಣ್ಮಕ್ಕಳ ಕೂಡ ಹತ್ತಿ ಬಿಡಸಾಕ ಕಳಸ್ತೀನ್ರಿ."

ಒಮ್ಮೆ ಹತ್ತಿ ಹೊಲಕ್ಕೆ ಹೋದ ಹುಡುಗಿ ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದನ್ನು ಆ ಎರಡು ವರ್ಷಗಳಲ್ಲಿ ನಾನು ಕಂಡಿರಲಿಲ್ಲ. ಯಂಕಪ್ಪ ಕೆಟ್ಟವನಲ್ಲ. ಅವನ ಲೆಕ್ಕದಲ್ಲಿ ಅಳುವ ಮಗುವಿಗೆ ಒಂದು ಕೆಲಸ ಹಚ್ಚುತ್ತಿದ್ದ, ಅಷ್ಟೆ. ತಪ್ಪು ನನ್ನದು. ನನ್ನ ನಾಟಕದ ದನಿಯಿಂದ ಒಂದು ಹುಡುಗಿಯ ಓದು ಹೋಗುತ್ತದಲ್ಲ ಎಂದು ನನ್ನ ಮೇಲೇ ನನಗೆ ಸಿಟ್ಟು ಬಂತು.

"ಸೋಮವಾರದ ತನಕ ತಡೀರಿ," ಎಂದೆ. "ಶನಿವಾರ ಹುಲಿಗಿನ್ನ ರಾಯಚೂರಿಗೆ ಕರ್ಕೊಂಡು ಹೋಗ್ತೀನಿ. ಆ ಕತಿ ಕೊನಿ ಹುಡುಕಿ ಆಕಿ ಕೈಯಾಗ ಕೊಡತೀನಿ. ಆಮ್ಯಾಲೂ ಒಲ್ಲೆ ಅಂದ್ರ ನಿಮ್ಮ ಮರ್ಜಿ."

ಯಂಕಪ್ಪ ನಕ್ಕ. "ಒಂದು ಇಲಿ ಸಂಬಂಧ ರಾಯಚೂರಿಗೆ ಹೋಗ್ತೀರೇನ್ರಿ? ಹಂಗಾರ ಹಂಗ ಮುಂದ ನೀರಮಾನ್ವಿಗೂ ಹೋಗಿ, ಇವರವ್ವಗ ಒಂದು ಗಂಟು ಮುಟ್ಟಿಸಿಬಿಡ್ರಿ." ಒಳಗಿನಿಂದ ಶೇಂಗಾ ಚಟ್ನಿ, ಕಟಿ ರೊಟ್ಟಿ, ಒಂದು ಹಳೆಯ ಕೌದಿ ತಂದು ಗಂಟು ಕಟ್ಟಿದ.

ಶನಿವಾರ ಶಾಲೆ ಬಿಟ್ಟ ಕೂಡಲೇ ಇಬ್ಬರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಹುಲಿಗೆವ್ವ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಪುಸ್ತಕದ ಹಿಂದೆ ವಿಳಾಸವಿದ್ದ ಪ್ರೆಸ್ಸು ರಾಯಚೂರಿನ ಒಂದು ಸಣ್ಣ ಗಲ್ಲಿಯಲ್ಲಿತ್ತು. ಬೈಂಡಿಂಗ್ ಮಾಡುತ್ತಿದ್ದವರು ಖಾಸೀಂ ಸಾಬ್ ಎಂಬ ಮುದುಕರು. ನನ್ನ ಪುಸ್ತಕ ತಿರುವಿ ನೋಡಿ ಹಣೆ ಬಡಿದುಕೊಂಡರು.

"ಅರೆ ಬೇಟಿ, ಇದು ನನ್ನದೇ ಕೈಕೆಲಸ," ಎಂದರು. "ನಾ ಓದಿದ್ದು ನಿಜಾಮರ ಕಾಲದಾಗ, ಉರ್ದು ಸಾಲ್ಯಾಗ. ಕನ್ನಡ ಅಕ್ಷರನೂ ಬರಾಂಗಿಲ್ಲ, ಅಂಕಿನೂ ಬರಾಂಗಿಲ್ಲ. ಚಿತ್ರ ನೋಡೇ ಫಾರಂ, ಅಂದ್ರ ಹದಿನಾರು ಪುಟದ ಮಡಿಕಿ, ಜೋಡಸ್ತೀನಿ. ಒಂದೇ ವಾರದಾಗ ಎರಡು ಕಿತಾಬು ಬಂದ್ವು, ಎರಡರಾಗೂ ಇಲಿ. ಒಂದು ಫಾರಂ ಮ್ಯಾಲ ಹಲ್ಲು ಕಿಸದ ಇಲಿ ಇತ್ತು. ಇದು ಅಂಜಿಕಿ ಕತಿಗೆ ಅಂದ್ಕೊಂಡೆ. ಇನ್ನೊಂದರ ಮ್ಯಾಲ ಭತ್ತದ ತೆನಿ ಹಿಡಕೊಂಡು ನಿಂತ ಇಲಿ. ಇದು ರೈತರದ್ದು ಅಂದ್ಕೊಂಡೆ. ನೀವ ಹೇಳ್ರಿ, ಯಾರಾದ್ರೂ ಹಂಗೇ ಅನ್ಕೋತಾರಿಲ್ಲ?"

ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಜೋಡಿಸುತ್ತಿದ್ದೆ. ಸರಿಯಾದ ಪ್ರತಿ ಒಂದಾದರೂ ಇದೆಯೇ ಎಂದು ಕೇಳಿದೆ. ಇಲ್ಲ. ಅಚ್ಚಿನ ಮೊಳೆಗಳನ್ನೆಲ್ಲ ಬಿಚ್ಚಿ ಪೆಟ್ಟಿಗೆಗೆ ಹಾಕಿ ತಿಂಗಳುಗಳಾಗಿದ್ದವು. ರೈತರ ಪುಸ್ತಿಕೆಯ ಕಟ್ಟುಗಳನ್ನು ಖಾಸೀಂ ಸಾಬರೇ ಮಾನ್ವಿ ಬಸ್ಸಿನ ಮೇಲೆ ಹಾಕಿಸಿದ್ದರು. ಭತ್ತ ಬೆಳೆಯುವ ಊರುಗಳಿಗೆಲ್ಲ ಹಂಚಿ ಆಗಿರಬೇಕು ಎಂದರು.

"ಅಂದ್ರ ಕತಿ ಮಾನ್ವ್ಯಾಗ ಅದ," ಎಂದಳು ಹುಲಿಗೆವ್ವ. ಒಂದು ವಾರದ ಮೇಲೆ ಅವಳು ನನ್ನ ಮುಂದೆ ಬಾಯಿ ಬಿಟ್ಟಿದ್ದು ಅದೇ ಮೊದಲು.

ಆ ರಾತ್ರಿ ನಮ್ಮ ಮನೆಯಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಮಾನ್ವಿ ಬಸ್ಸು ಹಿಡಿದೆವು. ಮೊದಲು ನೀರಮಾನ್ವಿಯಲ್ಲಿ ಇಳಿದು ತಾಯಿಗೆ ಗಂಟು ಕೊಡುವುದು, ಆಮೇಲೆ ಮಾನ್ವಿಗೆ ಹೋಗಿ ಪುಸ್ತಿಕೆ ಹುಡುಕುವುದು ಎಂದು ನನ್ನ ಯೋಜನೆ. ದೇವದುರ್ಗದ ಹೆಂಗಸರು ಎಲ್ಲಿ ಕೊಯ್ಯುತ್ತಿದ್ದಾರೆ ಎಂದು ಕೇಳುತ್ತ, ಕಾಲುವೆಯ ಏರಿ ಹಿಡಿದು ನಡೆದೆವು. ಊಟದ ಹೊತ್ತಾಗಿತ್ತು. ಬೇವಿನ ಮರದ ಕೆಳಗೆ ಹತ್ತು ಹನ್ನೆರಡು ಹೆಂಗಸರು ಬುತ್ತಿ ಬಿಚ್ಚಿ ಕುಳಿತಿದ್ದರು. ಅವರ ನಡುವೆ ದಾರ ಕಟ್ಟಿದ ಕನ್ನಡಕದ ಒಬ್ಬ ಹಿರಿಯರು ಏನನ್ನೋ ಗಟ್ಟಿಯಾಗಿ ಓದುತ್ತಿದ್ದರು. ಆ ಗದ್ದೆಯ ಯಜಮಾನ ಅಮರೇಗೌಡರಂತೆ.

ಮಗಳನ್ನು ಕಂಡ ಮಾನವ್ವ ಕೈಯಲ್ಲಿನ ರೊಟ್ಟಿ ಬಿಟ್ಟು ಓಡಿಬಂದಳು. "ಯಾಕ ಬೇ, ನಿಮ್ಮಪ್ಪಗ ಏನಾತು?"

"ಅಪ್ಪ ಅರಾಮ ಅದಾನ. ಯವ್ವಾ, ಒಂದು ಇಲಿಮರಿ ಬಾವ್ಯಾಗ ಹೋಗಿತ್ತು ಬೇ. ಅದರ ಕತಿ ಹುಡುಕಾಕ ಬಂದೀವಿ."

"ಯಾವುದು? ಗೌಡ್ರು ದಿನಾ ಓದೂ ಇಲಿಮರಿಯೇನ?" ಮಾನವ್ವ ಮಗಳ ಮುಖ ನೋಡಿದಳು. "ಅದಕ್ಯಾಕ ಅಳತಿ? ಅದು ಅವರವ್ವನ್ನ ಕರ್ಕೊಂಡು ಮನಿಗೆ ಹೋತಲ್ಲ."

ನಾನು ಅಲ್ಲೇ ಏರಿಯ ಮೇಲೆ ಕುಳಿತುಬಿಟ್ಟೆ. ಹುಲಿಗೆವ್ವ ಮಾತ್ರ ತಾಯಿಯ ಸೆರಗು ಬಿಡಲಿಲ್ಲ. "ಗೂಗಿ ಆಕಿ ನೆಳ್ಳು ನುಂಗಿತ್ತಲ್ಲ, ಆಕಿಗೆ ಮಗ ಅಂತ ಹೆಂಗ ಗೊತ್ತಾತು?"

"ಮೊದಲು ಗೊತ್ತಾಗಲಿಲ್ಲವ್ವಾ," ಎಂದಳು ಮಾನವ್ವ, ಪಕ್ಕದ ಮನೆಯ ಸುದ್ದಿ ಹೇಳುವವಳಂತೆ. "ನೀ ಯಾರಪಾ ಅಂದ್ಲು. ಆ ಮರಿ ತನ್ನ ನೆಳ್ಳಾಗಿಂದ ಅರ್ಧ ಹರದು ಆಕಿಗೆ ಕೊಟ್ತು. ಆವಾಗ ಎಲ್ಲಾ ನೆನಪಾತು. ಆ ಅರ್ಧ ನೆಳ್ಳಿನ ಮ್ಯಾಲೇ ಇಬ್ಬರೂ ಗೂಗಿ ಕಣ್ಣು ತಪ್ಪಿಸಿ ಬಂದ್ರು. ಅರ್ಧ ನೆಳ್ಳು ಗೂಗಿಗೆ ಕಾಣಂಗಿಲ್ಲಂತ."

ಹುಲಿಗೆವ್ವ ಅಳುತ್ತಲೇ ನಗತೊಡಗಿದಳು. ಅಷ್ಟರಲ್ಲಿ ಅಮರೇಗೌಡರು ಪುಸ್ತಿಕೆ ಹಿಡಿದು ನನ್ನ ಹತ್ತಿರ ಬಂದರು. "ನೀವು ಓದಿದೋರಿದ್ದಂಗ ಅದೀರಿ, ಸ್ವಲ್ಪ ಬಿಡಿಸಿ ಹೇಳ್ರಿ. ಅರ್ಧ ಪುಸ್ತಕ ಇಲಿ ಹೆಂಗ ಕೊಲ್ಲಬೇಕು ಅಂತ ಬರದಾರ. ಮುಂದಿನ ಅರ್ಧದಾಗ ಇಲಿ ಸಂಕಟ ಬರದಾರ. ಇದನ್ನ ಓದಿದ ಮ್ಯಾಲ ಪಾಷಾಣ ತರಾಕ ಕಾಲ ಏಳವಲ್ದು ನೋಡ್ರಿ. ಈ ವರ್ಷ ಇಲಿಗೋಳು ಮದಿವಿ ಮನ್ಯಾಗ ಉಂಡಂಗ ಉಣ್ಣಾಕತ್ತಾವ."

ನಡೆದದ್ದನ್ನೆಲ್ಲ ಹೇಳಿದೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಗೂಗೆಯ ದನಿಯಲ್ಲಿ ರಿಯಾಯಿತಿ ದರ ಓದಿದ್ದನ್ನು ನನ್ನಿಂದ ಎರಡು ಸಲ ಹೇಳಿಸಿದರು. ನಗು ಇಳಿದ ಮೇಲೆ ಅವರಲ್ಲೊಬ್ಬಳು ಕೇಳಿದಳು, "ಅಲ್ರಿ, ಆ ಮರಿ ಬಾವಿಗೆ ಯಾಕ ಹೋತು? ಮೊದಲಿಂದು ನಮಗ ಗೊತ್ತ ಇಲ್ಲ."

ಹುಲಿಗೆವ್ವ ಹೇಳಲು ನಿಂತಳು. ಕಣಜದ ಕೆಳಗಿನ ಊರಿನಿಂದ ಹಿಡಿದು ಒಂದನ್ನೂ ಬಿಡಲಿಲ್ಲ. ಮುಂಗುಸಿ ಬಂದರೆ ಕುಂಟುತ್ತಿದ್ದಳು, ಓತಿಕ್ಯಾತ ಬಂದರೆ ಕತ್ತು ಕುಣಿಸುತ್ತಿದ್ದಳು. ಊಟದ ಹೊತ್ತು ಎಂದೋ ಮುಗಿದಿತ್ತು. ಕುಡುಗೋಲುಗಳು ಬಿದ್ದಲ್ಲೇ ಬಿದ್ದಿದ್ದವು. ಏಳ್ರಿ ಎಂದು ಎಬ್ಬಿಸಬೇಕಾದ ಗೌಡರೇ "ಮುಂದ?" ಎನ್ನುತ್ತ ಕುಳಿತಿದ್ದರು. ಮರಿ ಸುರಂಗಕ್ಕೆ ಕಾಲಿಡುವ ತನಕ ಹೇಳಿ ಅವಳು ನಿಂತಾಗ, ಗೌಡರು ಪುಸ್ತಿಕೆಯನ್ನು ಅವಳ ಕೈಗಿಟ್ಟರು. "ಇನ್ನ ಮುಂದಿಂದು ನೀನೇ ಓದವ್ವಾ. ನನ್ನ ದನಿ ಕೇಳಿ ಕೇಳಿ ಇವರಿಗೆ ಸಾಕಾಗ್ಯದ."

ಅವಳು ಓದಿದಳು. ಮೊದಲ ನಾಲ್ಕು ಸಾಲು ತಡವರಿಸಿದಳು, ಆಮೇಲೆ ಕಾಲುವೆಯ ನೀರಿನಂತೆ ಸರಾಗವಾಗಿ ಓದಿಕೊಂಡು ಹೋದಳು. ಹೆಂಗಸರಿಗೆಲ್ಲ ಆ ಹದಿನಾರು ಪುಟ ಬಾಯಿಪಾಠವಾಗಿತ್ತು, ಆದರೂ ಮಿಸುಕಲಿಲ್ಲ. ಮಾನವ್ವನಿಗೆ ಮಾತ್ರ ಕಥೆಯ ಮೇಲೆ ಗಮನವೇ ಇದ್ದಂತಿರಲಿಲ್ಲ. ಮಗಳ ತುಟಿ ನೋಡುತ್ತಿದ್ದಳು, ಪುಸ್ತಕ ನೋಡುತ್ತಿದ್ದಳು, ಮತ್ತೆ ತುಟಿ ನೋಡುತ್ತಿದ್ದಳು. ಕೊನೆಗೆ ನನ್ನ ಹತ್ತಿರ ಸರಿದು ಪಿಸುಗುಟ್ಟಿದಳು.

"ಇದು ಆಕಿಗೆ ಬಾಯಿಪಾಠ ಬರತದೇನ್ರಿ, ಇಲ್ಲಾ ಅಲ್ಲಿ ಬರದದ್ದು ಓದಾಕತ್ತಾಳೇನ್ರಿ?"

"ಆ ಹಾಳಿ ಆಕಿ ಇವತ್ತೇ ಮೊದಲು ನೋಡೂದವ್ವಾ. ಬರದದ್ದೇ ಓದಾಕತ್ತಾಳ," ಎಂದೆ.

ಮಾನವ್ವ ಮತ್ತೆ ಮಗಳತ್ತ ತಿರುಗಿ, ಹೊಸಬಳನ್ನು ಕಂಡಂತೆ ಕಣ್ಣು ಕೀಳದೆ ನೋಡಿದಳು. ನಾನು ಮೆಲ್ಲಗೆ ಹತ್ತಿ ಹೊಲದ ವಿಷಯ ತೆಗೆದೆ. ಅವಳು ಎದ್ದು ಸೆರಗು ಸಿಕ್ಕಿಸಿಕೊಂಡಳು. "ಆಕಿ ಅಪ್ಪಗ ಹೇಳ್ರಿ. ಹುಲಿಗಿನ್ನ ಹತ್ತಿಗೆ ಕಳಿಸಿದ್ರ, ನಾ ಸಂಕ್ರಾಂತಿಗೆ ಮನಿಗೆ ಬರಂಗಿಲ್ಲ. ಅವನೇ ರೊಟ್ಟಿ ಬಡಕೊಂಡು ಉಣ್ಣಲಿ." ಇಡೀ ಗುಂಪು ನಕ್ಕಿತು, ಆದರೆ ಅವಳು ನಗಲಿಲ್ಲ.

ಹೊರಡುವಾಗ ಗೌಡರು ಕುಡುಗೋಲಿನ ತುದಿಯಿಂದ ಹೊಲಿಗೆ ಬಿಡಿಸಿ ಕಥೆಯ ಫಾರಂ ನಮಗೆ ಕೊಟ್ಟರು. ನಮ್ಮ ಪಾಷಾಣದ ಪುಟಗಳನ್ನು ಅವರಿಗೆ ಕೊಟ್ಟೆ. ಬೇಕೋ ಬೇಡವೋ ಎನ್ನುವಂತೆ ಇಸಿದುಕೊಂಡರು.

ಆ ಸಂಜೆಯೇ ದೇವದುರ್ಗ ಸೇರಿ, ಮಾನವ್ವನ ಮಾತನ್ನು ಒಂದಕ್ಷರ ಬಿಡದೆ ಯಂಕಪ್ಪನಿಗೆ ಒಪ್ಪಿಸಿದೆ. ಅವನು ತಲೆ ಕೆರೆದುಕೊಂಡ. "ಹಂಗಂದ್ಲೇನ್ರಿ? ಹಂಗಾರ ಸಾಲಿಗೇ ಹೋಗ್ಲಿ ಬಿಡ್ರಿ. ರೊಟ್ಟಿ ಬಡಿಯೂದು ನನ್ನ ಕೈಲೆ ಆಗೂ ಮಾತಲ್ಲ." ಮುಂದಿನ ಶನಿವಾರ ತರಗತಿಗೆ ಕಥೆಯ ಕೊನೆಯನ್ನು ಓದಿದವಳು ಹುಲಿಗೆವ್ವ. ನಾನು ಮಕ್ಕಳ ನಡುವೆ ನೆಲದ ಮೇಲೆ ಕುಳಿತು ಕೇಳಿದೆ. ಆಮೇಲೆ ಅವಳು ಶಾಲೆ ಬಿಡಲಿಲ್ಲ. ಹತ್ತನೆಯ ತರಗತಿ ಪಾಸಾದ ದಿನ ಪೇಪರು ಹಿಡಿದು ನನ್ನ ಮನೆಗೇ ಓಡಿಬಂದಿದ್ದಳು.

ಟೀಚರಾಗಿ ಮುಂದೆ ನನಗೂ ಅಷ್ಟಿಷ್ಟು ಹೆಸರು, ಹಾರ, ಶಾಲು ಬಂದವು. ಯಾವುದೂ ಈಗ ಸರಿಯಾಗಿ ನೆನಪಿಲ್ಲ. ಆದರೆ ಬರೆದದ್ದನ್ನೇ ಓದುತ್ತಿದ್ದಾಳೆ ಎಂದು ನಾನು ಹೇಳಿದಾಗ ಮಾನವ್ವನ ಮುಖ ಹೇಗಾಯಿತು ಎಂಬುದು ಇವತ್ತಿಗೂ ಕಣ್ಣ ಮುಂದಿದೆ. ಅಚ್ಚರಿಯೆಂದರೆ, ಆ ಕ್ಷಣದಲ್ಲಿ ನನಗೆ ನೆನಪಾದವಳು ನನ್ನ ಅವ್ವ. ನಾನು ಮೊದಲ ಸಲ ಪಾಠ ಓದಿದಾಗ ಅವಳೂ ಹೀಗೇ ನೋಡಿರಬೇಕು. ಆಗ ನಾನು ತಲೆ ಎತ್ತಿ ನೋಡಿರಲಿಲ್ಲ.