ನಲವತ್ತು ಅಕ್ಷರದ ಚೀಟಿ

ಜನಪದ ಹಾಡುಗಳನ್ನು ಕಾಪಿಡುವ ಕುಮಟಾದ ಒಂದು ಸಣ್ಣ ಕಚೇರಿಗೆ ನಾನು ತಂತ್ರಾಂಶ ಬರೆಯುತ್ತೇನೆ. ಯಾರು ಏನು ಬದಲಾಯಿಸಿದರು ಎಂಬುದನ್ನೆಲ್ಲ ನೆನಪಿಡುವ ತಂತ್ರಾಂಶ ಅದು. ಅದರಲ್ಲಿ ಪ್ರತಿ ಹಾಡಿಗೂ ಹ್ಯಾಶ್ ಎಂಬ ಗುರುತು ಇರುತ್ತದೆ, ಬೆರಳಚ್ಚಿನ ಹಾಗೆ. ಮೊದಲು ನಲವತ್ತು ಅಕ್ಷರದ್ದಿತ್ತು. ಅದು ಭದ್ರವಲ್ಲವೆಂದು ಅರವತ್ನಾಲ್ಕು ಅಕ್ಷರದ್ದಕ್ಕೆ ಹೋದೆವು. ಎರಡನ್ನೂ ಗುರುತಿಸುವ ಕೋಡ್ ಇತ್ತು. ಕಸವೆಂದು ಅದನ್ನು ಅಳಿಸಿದವಳು ನಾನೇ.

ಒಂದು ದಿನ ಹಿರೇಗುತ್ತಿಯ ಹೆಂಗಸೊಬ್ಬರು ಬಂದು, ರೇಷನ್ ಕಾರ್ಡಿನ ಕವರಿನಿಂದ ಚೀಟಿ ತೆಗೆದರು. ಹಿಂದೆ ಇದೇ ಕಚೇರಿಯಲ್ಲಿ ಅವರ ಮಗಳು ಬರೆದುಕೊಂಡ ನಲವತ್ತು ಅಕ್ಷರ.

"ನಮ್ಮ ಅವ್ವಿ ಹೇಳಿದ ಅರಿಶಿಣದ ಪದ, ತಂಗಿ. ಎರಡು ಸಲ ಬಂದೆ. ನಂಬರ್ ತಪ್ಪು ಬರ್ಕಂಡೀರಿ ಅಂತ ಹೇಳಿ ಕಳ್ಸಿದ್ರು."

ಒಂದಕ್ಷರವೂ ತಪ್ಪಿರಲಿಲ್ಲ. ಅಳಿಸಿದ ಕೋಡನ್ನು ವಾಪಸು ಹಾಕಲು ನನಗೆ ಅರ್ಧ ಗಂಟೆ ಸಾಕಾಯಿತು. ಅವರ ಅವ್ವಿಯ ದನಿಯಲ್ಲಿ ಪದ ಶುರುವಾಯಿತು. ಅವರು ತಲೆ ತಗ್ಗಿಸಿ ಕೊನೆಯವರೆಗೂ ಕೇಳಿದರು.

"ಫೋನಿಗೆ ಹಾಕಿ ಕೊಡ್ಲಾ ಅಕ್ಕ?" ಅಂದೆ.

"ಈಗೆಂತಕ್ಕೆ? ಮಗಳ ಮದ್ವಿ ಹೋದ ವಾರ ಆತು."

"ಮತ್ತೆ ಇವತ್ತು ಯಾಕೆ ಬಂದ್ರಿ?"

"ಅವಳು ಬರ್ದದ್ದು ಸರಿ ಇತ್ತಾ ಅಂತ ಕೇಳುಕೆ. ಅರಿಶಿಣ ಹಚ್ಚುವ ದಿನವೇ ಬೈದಿದ್ದೆ, ಒಂದು ನಂಬರ್ ನೆಟ್ಟಗೆ ಬರಿಲಿಲ್ಲ ನೀನು ಅಂತ."

ಚೀಟಿಯನ್ನು ಮತ್ತೆ ಕವರಿನೊಳಗೆ ಜೋಪಾನವಾಗಿ ಇಟ್ಟುಕೊಂಡು ಹೋದರು.

ನಮ್ಮ ತಂತ್ರಾಂಶ ಯಾವುದನ್ನೂ ಮರೆಯುವುದಿಲ್ಲ. ಆ ಕೋಡ್ ಅಳಿಸಿದ ದಿನ ನಾನು ಬರೆದಿಟ್ಟ ಕಾರಣವೂ ನನ್ನ ಹೆಸರಿನ ಪಕ್ಕದಲ್ಲಿ ಇನ್ನೂ ಇದೆ: "ಹಳೆಯ ಗುರುತನ್ನು ಯಾರೂ ಇಟ್ಟುಕೊಂಡಿರುವುದಿಲ್ಲ."