ನಾಲ್ಕನೇ ಕರೆ

ಸತ್ತವರು ಬಂದರು, ಮಾತಾಡಿದರು ಎಂಬ ಕಥೆಯನ್ನು ಯಾರಾದರೂ ಶುರು ಮಾಡಿದರೆ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಿದ್ದವನು ನಾನು. ನಲವತ್ತು ವರ್ಷ ವಕೀಲರ ಆಫೀಸಿನಲ್ಲಿ ಟೈಪಿಂಗ್ ಮಾಡಿದವನಿಗೆ ಸಾಕ್ಷಿ ಇಲ್ಲದ ಮಾತು ಮಾತೇ ಅಲ್ಲ. ನನ್ನದು ಸ್ವಲ್ಪ ಒರಟು ಬಾಯಿ ಕೂಡ. ಹಾಗಾಗಿ ಈಗ ನಾನೇ ಇಂಥದ್ದೊಂದನ್ನು ಬರೆಯಲು ಕುಳಿತಿದ್ದೇನೆ ಎಂದರೆ ನನ್ನ ಬಲ್ಲವರು ನಗುತ್ತಾರೆ. ನಗಲಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಬಣ್ಣ ಹಚ್ಚುವುದಿಲ್ಲ.

ವಿಠಲ ನನಗೆ ಸಿಕ್ಕಿದ್ದು ಮುಂಬಯಿಯಲ್ಲಿ, ಪರೇಲಿನ ಕನ್ನಡ ರಾತ್ರಿ ಶಾಲೆಯಲ್ಲಿ. ಉಡುಪಿ ಕಡೆಯವನು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಬಂದು ನನ್ನ ಪಕ್ಕ ಕುಳಿತು ತೂಕಡಿಸುತ್ತಿದ್ದ. ನಾನು ವಿಜಯಪುರದ ಕಡೆಯವನಾದ್ದರಿಂದ ನನಗೆ ‘ರೊಟ್ಟಿ’ ಎಂದು ಹೆಸರಿಟ್ಟ. ಅದೇ ಹೆಸರು ಕೊನೆಯವರೆಗೂ ಉಳಿಯಿತು. ಮುಂದೆ ಅವನು ಸಾಂತಾಕ್ರೂಜಿನ ಒಂದು ಹೋಟೆಲಿಗೆ ಮ್ಯಾನೇಜರ್ ಆದ. ಮದುವೆ ಆಗಲಿಲ್ಲ. ಗಂಡ ತೀರಿಕೊಂಡ ಅಕ್ಕ ಗಿರಿಜಕ್ಕನನ್ನು ಕರೆತಂದು ಅಲ್ಲೇ ಒಂದು ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಜೊತೆಗೆ ಇಟ್ಟುಕೊಂಡಿದ್ದ.

ನಾಲ್ಕು ವರ್ಷಗಳ ಹಿಂದೆ ಅವನು ವಿಲ್ ಬರೆಸಿದ. ಟೈಪ್ ಮಾಡಿದವನೂ ನಾನೇ, ಎಕ್ಸಿಕ್ಯೂಟರ್ ಆದವನೂ ನಾನೇ. ಎಂದರೆ ಅವನ ನಂತರ ಅವನದೆಲ್ಲವನ್ನೂ ಹುಡುಕಿ ಅಕ್ಕನಿಗೆ ಸೇರಿಸುವ ಹೊಣೆ ನನ್ನದು.

"ಕಾಗದಪತ್ರ ಎಲ್ಲ ನೀನೇ ನೋಡ್ಬೇಕು ಮಾರಾಯ. ಅಕ್ಕನಿಗೆ ಎಂತದೂ ಗೊತ್ತಾಗುದಿಲ್ಲ" ಅಂದಿದ್ದ.

"ಮೊದಲ ನಾ ಸಾಯ್ತೀನಿ ತಗೋ" ಅಂತ ನಾನು ಬೈದಿದ್ದೆ.

ಅವನೇ ಮೊದಲು ಹೋದ. ಒಂದು ಮಧ್ಯಾಹ್ನ ಹೋಟೆಲಿನ ಕೌಂಟರಿನಲ್ಲಿ ಕುಳಿತವನು ಕುಳಿತಂತೆಯೇ ಹೋದ. ಇದನ್ನು ಬರೆಯುವಾಗಲೂ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ. ಹೇಳದೆ ಕೇಳದೆ ಹಾಗೆ ಎದ್ದು ಹೋಗುವುದು ಒಂದು ರೀತಿಯೇ?

ಬ್ಯಾಂಕು, ವಿಮೆ, ಸೊಸೈಟಿಯ ಕಾಗದ ಎಲ್ಲ ಒಂದೇ ಕಬ್ಬಿಣದ ಪೆಟ್ಟಿಗೆಯಲ್ಲಿ ಸಿಕ್ಕವು. ಮನೆಗೆ ಬಂದ ಹಳೆಯ ಪತ್ರಗಳನ್ನು ನೋಡಿ ಕರೆಂಟಿನ ಖಾತೆ, ರೈಲು ಟಿಕೆಟಿನ ಖಾತೆಗಳನ್ನೂ ಪತ್ತೆ ಮಾಡಿದೆ. ಇನ್ನೇನು ಮುಗಿಯಿತು ಅಂದುಕೊಂಡಾಗ, ಅವನು ಹೋದ ಐದನೆಯ ದಿನವೋ ಏನೋ, ಗಿರಿಜಕ್ಕ ಹತ್ತಿರ ಬಂದು ಕುಳಿತರು.

"ಅಮ್ಮನ ದನಿ ಎಲ್ಲಿ ಉಂಟು ಮಾರಾಯ್ರೇ?"

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ತಾಯಿ ಬದುಕಿದ್ದಾಗ ವಿಠಲ ಒಮ್ಮೆ ಊರಿಗೆ ಹೋಗಿ ಆಕೆ ಹಾಡುವುದನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದು ತಂದಿದ್ದ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುವ ಮೊದಲು ಅದನ್ನು ಅಂಗಡಿಯಲ್ಲಿ ಕೊಟ್ಟು ಕಂಪ್ಯೂಟರಿಗೆ ಹಾಕಿಸಿ, ಅಂತರ್ಜಾಲದ ಯಾವುದೋ ಖಾತೆಯಲ್ಲಿ ಇಟ್ಟಿದ್ದ. ಪ್ರತಿ ಭಾನುವಾರ ಕಾಫಿ ಕುಡಿಯುತ್ತಾ ಅಕ್ಕ ತಮ್ಮ ಇಬ್ಬರೂ ಅದನ್ನು ಅವನ ಫೋನಿನಲ್ಲಿ ಕೇಳುತ್ತಿದ್ದರು. ಇತ್ತ ಗಿರಿಜಕ್ಕನ ಕಿವಿ ದಿನದಿನಕ್ಕೆ ಮಂದವಾಗುತ್ತಿತ್ತು. ಮಷೀನ್ ಹಾಕಿಕೊಂಡರೂ ಹೆಚ್ಚು ಕಾಲ ಕೇಳಿಸದು ಎಂದು ಪರೇಲಿನ ಡಾಕ್ಟರು ಹೇಳಿಬಿಟ್ಟಿದ್ದರು.

"ಪೂರ್ತಿ ಹೋಗುವ ಮೊದಲು ಒಂದು ಸಲ ಕೇಳಿಸಿಬಿಡಿ. ಬೇರೆ ಎಂತದೂ ಬೇಡ ನನಗೆ" ಅಂದರು.

ಫೋನು ಅವನ ಬೆರಳಿಗೆ ಮಾತ್ರ ತೆರೆಯುವಂಥದ್ದು. ರಿಪೇರಿ ಅಂಗಡಿಯವನು ತೆಗೆಯಬಹುದು, ಆದರೆ ಒಳಗಿನದೆಲ್ಲ ಅಳಿಸಿ ಹೋಗುತ್ತದೆ ಎಂದ. ಆ ಖಾತೆ ನಡೆಸುವ ಕಂಪನಿಗೆ ಪತ್ರ ಬರೆದೆ. ಮರಣ ಪ್ರಮಾಣಪತ್ರ, ವಿಲ್ ಎಲ್ಲ ನೋಡಿ ಕೊಡುತ್ತೇವೆ, ಆದರೆ ಖಾತೆಯ ವಿಳಾಸ ಯಾವುದು ಎಂದು ಹೇಳಿ, ಬರೀ ಹೆಸರಿನಿಂದ ಹುಡುಕಲು ಬರುವುದಿಲ್ಲ ಎಂದರು. ಅವನ ಫೋನ್ ನಂಬರು ಕೊಟ್ಟು ಹುಡುಕಿದಾಗ ಪರದೆಯ ಮೇಲೆ ವಿಳಾಸದ ಮೊದಲ ಎರಡು ಇಂಗ್ಲಿಷ್ ಅಕ್ಷರ ‘ಮು’ ಎಂದೂ, ಕೊನೆಗೆ ನಲವತ್ತೇಳು ಎಂದೂ ಕಂಡಿತು. ನಡುವೆ ಬರೀ ಚುಕ್ಕಿಗಳು. ನಲವತ್ತೇಳು ನನಗೆ ಗೊತ್ತು, ರಾತ್ರಿ ಶಾಲೆಯ ಅವನ ರೋಲ್ ನಂಬರು. ‘ಮು’ ಎಂದರೆ ಮುಂಬಯಿ ಎಂದು ನಾನು ಕಣ್ಣುಮುಚ್ಚಿ ತೀರ್ಮಾನಿಸಿಬಿಟ್ಟೆ. ಈ ಊರಿಗೆ ಬಂದವರೆಲ್ಲ ಅಂಗಡಿಗೂ ಸಂಘಕ್ಕೂ ಮುಂಬಯಿ ಎಂದೇ ಸೇರಿಸುವುದಲ್ಲವೇ? ಮುಂಬಯಿ ವಿಠಲ, ಮುಂಬಯಿ ಹೋಟೆಲ್ ಎಂದು ಒಂದು ವಾರ ತಲೆ ಕೆರೆದುಕೊಂಡೆ. ಒಂದೂ ಹೊಂದಲಿಲ್ಲ.

ಹದಿನಾರನೇ ದಿನ ಬಂತು. ಅವರ ಕಡೆ ಆ ದಿನ ಮುಸ್ಸಂಜೆಯಲ್ಲಿ ಸತ್ತವರನ್ನು ಮನೆಯೊಳಗೆ ಕರೆಯುತ್ತಾರೆ. ಇಷ್ಟದ ಅಡುಗೆಯನ್ನು ಎಲೆಗೆ ಬಡಿಸಿ, ದೀಪ ಹಚ್ಚಿ, ಮನೆಯವರು ಹೊಸ್ತಿಲಲ್ಲಿ ನಿಂತು ಹೆಸರು ಹಿಡಿದು ಮೂರು ಸಲ "ಉಲಾಯಿ ಬಲ" ಎನ್ನುತ್ತಾರೆ. ತುಳುವಿನಲ್ಲಿ ಒಳಗೆ ಬಾ ಎಂದರ್ಥ. ಊರಿನಲ್ಲಾದರೆ ಅಂಗಳ, ನಾಲ್ಕು ಜನ. ಇಲ್ಲಿ ಮೂರನೇ ಮಾಳಿಗೆಯ ಪ್ಯಾಸೇಜು, ಗಿರಿಜಕ್ಕ ಮತ್ತು ನಾನು.

"ಅಕ್ಕಾರ, ಇಂಥಾದ್ರಾಗ ನನಗ ನಂಬಿಕಿ ಇಲ್ರಿ" ಎಂದು ಅವರ ಕಿವಿಯ ಹತ್ತಿರ ಬಾಗಿ ಹೇಳಿದೆ.

"ನಿಮ್ಮ ನಂಬಿಕೆ ಯಾರು ಕೇಳಿದ್ದು? ಲಿಫ್ಟಿನ ಹತ್ರ ನಿಂತ್ಕೊಳ್ಳಿ. ಕರೆಯುವಾಗ ನಡುವಿನಲ್ಲಿ ಯಾರೂ ಹಾಯಬಾರ್ದು. ಹಿಂದೆ ತಿರುಗಿ ನೋಡ್ಬೇಡಿ" ಅಂದರು.

ಆ ದನಿಗೆ ಎದುರು ಹೇಳುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ. ಎಲೆಯಲ್ಲಿ ಹುಳಿ ಖಾರದ ಬಂಗುಡೆ ಮೀನಿನ ಸಾರು, ಪುಳಿಮುಂಚಿ, ಇತ್ತು, ನೀರುದೋಸೆ ಇತ್ತು. ಧಾರಾವಿಯ ಖಾನಾವಳಿಯಿಂದ ನಾನು ಕಟ್ಟಿಸಿಕೊಂಡು ಹೋಗಿದ್ದ ಎರಡು ಜೋಳದ ರೊಟ್ಟಿಯನ್ನೂ ಅವರು ಇಟ್ಟಿದ್ದರು. ಬದುಕಿದ್ದಾಗ ರೊಟ್ಟಿಗೆ ಮೀನಿನ ಸಾರು ಹಚ್ಚಿಕೊಂಡು ತಿಂದು ನನ್ನನ್ನು ಉರಿಸುತ್ತಿದ್ದವನು ಅವನು. ಎಲೆಯ ಮೇಲಿನ ರೊಟ್ಟಿಯನ್ನು ಮೀನಿನ ಪಕ್ಕಕ್ಕೆ ಸರಿಸಿದೆ. ಹೋಗಿ ಲಿಫ್ಟಿನ ಕಡೆ ಮುಖ ಮಾಡಿ ನಿಂತೆ.

ಗಿರಿಜಕ್ಕ ಕರೆದರು. "ವಿಠಲಾ, ಉಲಾಯಿ ಬಲ." ಕಿವಿ ಮಂದವಾದವರ ದನಿ ದೊಡ್ಡದು, ಪ್ಯಾಸೇಜಿನಲ್ಲಿ ಮೊಳಗಿತು. ಎರಡನೆಯ ಸಲ. ಮೂರನೆಯ ಸಲ. ನಾನು ಎಣಿಸುತ್ತಿದ್ದೆ. ಮುಗಿಯಿತು ಎಂದು ತಿರುಗಬೇಕು, ಅಷ್ಟರಲ್ಲಿ ಮತ್ತೊಂದು ಕರೆ ಕೇಳಿಸಿತು. ತೆಳ್ಳಗಿನ, ವಯಸ್ಸಾದ ಹೆಣ್ಣು ದನಿ, ಸ್ವಲ್ಪ ರಾಗವಾಗಿ.

"ಮುದ್ದೂ... ಉಲಾಯಿ ಬಲಾ." ಹಿಂದೆಯೇ ಒಂದು ಸಣ್ಣ ಕೆಮ್ಮು.

ತಿರುಗಿ ನೋಡಿದೆ. ಗಿರಿಜಕ್ಕ ಸೆರಗಿನಿಂದ ಬಾಯಿ ಒತ್ತಿಕೊಂಡು ನಿಂತಿದ್ದರು. ಅವರ ಮುಖ ನನ್ನ ಕಡೆಗಿರಲಿಲ್ಲ, ಮನೆಯ ಒಳಗಡೆಗೆ ಹೊರಳಿತ್ತು. ಒಳಗೆ ಹೋಗಿ ಅಡುಗೆಮನೆ, ಕೋಣೆ, ಬಚ್ಚಲು ಎಲ್ಲ ನೋಡಿದೆ. ಯಾರೂ ಇಲ್ಲ. ವಿಠಲನ ಫೋನು ಬಂದ್ ಆಗಿ ಪರೇಲಿನ ನನ್ನ ಮನೆಯ ಕಪಾಟಿನೊಳಗಿತ್ತು. ಎದುರು ಮನೆಗೆ ವಾರದಿಂದ ಬೀಗ. ಮೇಲೆ ಕೆಳಗೆ ಇರುವವರು ಗುಜರಾತಿ, ಮರಾಠಿಯವರು, ಅವರಿಗೆಲ್ಲಿಯ ತುಳು?

ಎಲೆಯ ಮುಂದೆ ಕುಳಿತಾಗ ಗಿರಿಜಕ್ಕನ ಕಿವಿಗೇ ಬಾಯಿಟ್ಟು ಜೋರಾಗಿ ಕೇಳಿದೆ. "ಅಕ್ಕಾರ, ಮುದ್ದು ಅಂದ್ರ ಯಾರ್ರಿ?"

ಅವರು ನನ್ನನ್ನೇ ನೋಡಿದರು. "ವಿಠಲನೇ. ಅಮ್ಮ ಒಬ್ಬಳೇ ಹಾಗೆ ಕರೀತಿದ್ದದ್ದು. ಅವಳು ಹೋದ ಮೇಲೆ ಯಾರ ಬಾಯಲ್ಲೂ ಇಲ್ಲ. ನಿಮಗೆ ಯಾರು ಹೇಳಿದ್ದು?"

"ಅವನ ಹೇಳಿದ್ದ, ಶಾಲ್ಯಾಗಿದ್ದಾಗ" ಎಂದು ಸುಳ್ಳು ಹೇಳಿದೆ. ಅಂಥ ದಿನ ಆ ಮುದುಕಿಯನ್ನು ಹೆದರಿಸಲು ನನಗೆ ಮನಸ್ಸಾಗಲಿಲ್ಲ.

ಮರುದಿನ ಇಂಗ್ಲಿಷಿನಲ್ಲಿ ಮುದ್ದು ಎಂದು ಬರೆದು, ಮುಂದೆ ನಲವತ್ತೇಳು ಹಾಕಿದೆ. ಹೊಂದಿತು. ಅದೇ ಖಾತೆ. ವಿಳಾಸ, ವಿಲ್, ಪ್ರಮಾಣಪತ್ರ, ಗಿರಿಜಕ್ಕನ ಸಹಿ ಎಲ್ಲ ಕಳಿಸಿದೆ. ಎರಡು ತಿಂಗಳು ಕಾಯಿಸಿ, ನಾಲ್ಕು ಸಲ ಅದನ್ನೇ ತಿರುಗಿ ಕೇಳಿ, ಕೊನೆಗೆ ಒಳಗಿದ್ದುದರ ಪ್ರತಿ ಕಳಿಸಿದರು. ಆಫೀಸುಗಳು ಎಲ್ಲಿದ್ದರೂ ಒಂದೇ. ನಾನು ಅದನ್ನು ತೆರೆದು ನೋಡಲಿಲ್ಲ. ಅದು ಅವರ ಅಮ್ಮನದು, ಮೊದಲು ಅವರೇ ಕೇಳಲಿ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಹೋದೆ. ಕಾಫಿ ಆಯಿತು. ಗಿರಿಜಕ್ಕ ಕಿವಿಗೆ ಮಷೀನ್ ಸಿಕ್ಕಿಸಿಕೊಂಡು ನನ್ನ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹಾಡು ಶುರುವಾಯಿತು. ಬತ್ತ ಕುಟ್ಟುವಾಗಿನದೇನೋ, ನನಗೆ ಅದರ ಮಾತು ತಿಳಿಯಲಿಲ್ಲ. ಅವರ ತುಟಿ ಜೊತೆಗೇ ಆಡುತ್ತಿತ್ತು. ಹಾಡು ನಿಂತಿತು, ಟೇಪು ಮಾತ್ರ ಓಡುತ್ತಲೇ ಇತ್ತು. ಎಲ್ಲೋ ಒಂದು ಕೋಳಿ ಕೂಗಿತು. ಆಮೇಲೆ ಹಾಡಿದವಳು ಅಂಗಳದಲ್ಲಿದ್ದ ಮಗನನ್ನು ಊಟಕ್ಕೆ ಕರೆದಳು.

"ಮುದ್ದೂ... ಉಲಾಯಿ ಬಲಾ." ಮತ್ತು ಆ ಸಣ್ಣ ಕೆಮ್ಮು.

ನಾನು ಲೋಟವನ್ನು ಕೆಳಗಿಟ್ಟೆ. ಅದೇ ದನಿ, ಅದೇ ರಾಗ. ಗಿರಿಜಕ್ಕ ಕಣ್ಣು ಮುಚ್ಚಿಕೊಂಡು "ಬತ್ತೆ ಅಪ್ಪೇ" ಎಂದರು, ಬಂದೆ ಅಮ್ಮಾ ಎಂದು. ವಿಠಲ ಇದ್ದಾಗ ಪ್ರತಿ ಭಾನುವಾರ ಹಾಗೆ ಓಗೊಡುತ್ತಿದ್ದದ್ದು ಅವನೇ ಅಂತೆ. ಆಮೇಲೆ ಅವರು ಮಷೀನ್ ತೆಗೆದು ಮೇಜಿನ ಮೇಲೆ ಇಟ್ಟರು.

"ಅವತ್ತು ಬಾಗಿಲಲ್ಲಿ ಕೇಳಿದ್ದು ಇದೇ ಅಲ್ವಾ?"

ಆ ನಾಲ್ಕನೇ ಕರೆಯ ಬಗ್ಗೆ ನಾನು ಅವರಿಗೆ ಒಂದು ಮಾತೂ ಹೇಳಿರಲಿಲ್ಲ. ಮೂರು ಅಡಿ ದೂರದಿಂದ ನಾನು ಕೂಗಿದರೂ ಕೇಳಿಸದ ಕಿವಿ ಅವರದು, ಆ ದಿನ ಮಷೀನೂ ಇರಲಿಲ್ಲ. ಹೌದೆಂದು ತಲೆಯಾಡಿಸಿದೆ.

ರಾತ್ರಿ ಶಾಲೆಯಲ್ಲಿ ವಿಠಲ ಎಂದೋ ಆ ಹೆಸರು ಹೇಳಿದ್ದು ನನ್ನ ತಲೆಯ ಮೂಲೆಯಲ್ಲಿ ಉಳಿದಿದ್ದೀತು ಎಂದು ಸಮಾಧಾನ ಹೇಳಿಕೊಂಡು ನೋಡಿದ್ದೇನೆ. ಹೆಸರೇನೋ ಸರಿ, ಆ ಕೆಮ್ಮು? ಗಿರಿಜಕ್ಕನ ಕಿವಿ? ಎಷ್ಟು ಯೋಚಿಸಿದರೂ ನನಗೆ ಬಗೆಹರಿದಿಲ್ಲ, ನಿಮಗೆ ಹರಿದರೆ ಹೇಳಿ.

ಈಗಲೂ ಭಾನುವಾರ ಹೋಗುತ್ತೇನೆ. ಅವರಿಗೆ ಈಗ ಏನೂ ಕೇಳಿಸುವುದಿಲ್ಲ. ಬಾಗಿಲು ತೆರೆದು, ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು "ಉಲಾಯಿ ಬಲೆ" ಅನ್ನುತ್ತಾರೆ, ಒಳಗೆ ಬನ್ನಿ ಎಂದು. ನಾನು ಒಳಗೆ ಹೋಗುತ್ತೇನೆ. ಆದರೆ ಬಾಗಿಲನ್ನು ತಕ್ಷಣ ಹಾಕುವುದಿಲ್ಲ, ಇನ್ನೊಬ್ಬರು ಹಿಂದೆ ಬರುವಷ್ಟು ಹೊತ್ತು ಹಿಡಿದುಕೊಂಡು ನಿಂತಿರುತ್ತೇನೆ.